ಕೆಮ್ಮಣ್ಣಿನ ಬುಟ್ಟಿ ಹೊತ್ತು ಇಳಿದದ್ದು

ನಾಲತವಾಡದ ನಮ್ಮ ಮನೆಯಿಂದ ಎತ್ತಿನ ಗಾಡಿಯಲ್ಲಿ ಎರಡು ತಾಸು ಹೋದರೆ ಆ ಗುಡ್ಡ. ನೆತ್ತಿಯ ಮೇಲೆ ನಿಂತು ಬಗ್ಗಿ ನೋಡಿದರೆ ಮಳೆ ಕೊರೆದ ಗೋಡೆಗಳು: ಕೆಂಪು, ಅರಿಸಿನ, ನಡುವೆ ಒಂದೇ ಒಂದು ನೇರಳೆ ಪದರು. ಕಾನ್ವೆಂಟಿನ ಗೆಳತಿಯರ ಮುಂದೆ ನಾನು ಅದನ್ನು ಲೇಯರ್ ಕೇಕ್ ಎನ್ನುತ್ತಿದ್ದೆ. ಸೋ ಬ್ಯೂಟಿಫುಲ್!

ಎಪ್ಪತ್ತರ ದಶಕದ ಒಂದು ಬೇಸಿಗೆ. ಪಿಯುಸಿ ಮುಗಿಸಿ ಊರಿಗೆ ಬಂದಿದ್ದೆ. ಧಾರವಾಡಕ್ಕೆ ಹೋಗಿ ಬಿ.ಎ. ಮಾಡುವ ಆಸೆ. ಮನೆಯಲ್ಲಿ ನನ್ನ ಸೈಡಿಗಿದ್ದವಳು ಒಬ್ಬಳೇ, ಅಪ್ಪನ ಅಕ್ಕ, ನನ್ನ ಸೋದರತ್ತೆ. ಹೆಣ್ಣು ನೋಡಲು ಬಂದ ಎರಡು ಮನೆಯವರಿಗೆ ನಾನು ಬರೀ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಓಡಿಸಿದಾಗ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕವಳೂ ಅವಳೇ.

"ಧಾರವಾಡಕ್ಕ ಹೋದ್ರ ಮತ್ತ ಎಂದ ಬರ್ತಿ? ನಡಿ, ಗುಡ್ಡ ನೋಡಿ ಬರೂಣು. ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಹಚ್ಚಾಕ ಕೆಮ್ಮಣ್ಣೂ ತರೂಣು," ಎಂದಳು. ಪಿಕ್‌ನಿಕ್ ಎಂದು ಕುಣಿದುಕೊಂಡು ಹೊರಟೆ.

ಅತ್ತೆ ಮಂಡಿನೋವೆಂದು ಕೆಳಗೇ ಕೂತಳು. ಮೇಲೆ ಒಬ್ಬ ಹಿರಿಯ ಹೆಂಗಸು ಕೆಮ್ಮಣ್ಣು ಕೆದರುತ್ತಿದ್ದಳು. ಮೋರಟಗಿಯವಳಂತೆ, ನೆಂಟರ ಮನೆಗೆ ಬಂದಿದ್ದಳಂತೆ. "ಮುಂದೇನ್ ಮಾಡ್ತೀಯವ್ವಾ?" ಎಂದು ಅಕ್ಕರೆಯಿಂದ ಕೇಳಿದಳು. ಕಾಲೇಜು, ಲೈಬ್ರರಿ, ಲೆಕ್ಚರರ್ ಆಗುವ ಕನಸು, ಎಲ್ಲ ಹೇಳಿಬಿಟ್ಟೆ. ಅಷ್ಟು ಗಮನವಿಟ್ಟು ಯಾರೂ ನನ್ನ ಮಾತು ಕೇಳಿರಲಿಲ್ಲ.

"ಸೊಂಟ ಹಿಡದೈತಿ. ಈ ಬುಟ್ಟಿ ಕೆಳಗ ಇಳಿಸಿ ಕೊಡ್ತಿಯೇನು?"

ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಬುಟ್ಟಿ ಹೊತ್ತೆ. ಕಾನ್ವೆಂಟ್ ಹುಡುಗಿ ಇದನ್ನೂ ಮಾಡಬಲ್ಲಳು ಎಂಬ ಜಂಬ ಬೇರೆ. ಹಿಂದೆಯೇ ಅವಳು ನಿಧಾನವಾಗಿ ಇಳಿದಳು.

ಕೆಳಗೆ ಅತ್ತೆ ಎದ್ದು ನಿಂತು ಅವಳನ್ನೇ ಕೇಳಿದಳು: "ಹೆಂಗ್ರಿ, ಮನಸಿಗೆ ಬಂತ?"

"ನಡಿಗಿ ನೆಟ್ಟಗೈತ್ರಿ. ಭಾರ ಹೊತ್ತು ಇಳದ್ರೂ ಕಾಲು ತಡವರಿಸಲಿಲ್ಲ. ನಮ್ಮ ಹುಡುಗಗ ಇದ ಹೆಣ್ಣು ಆತು."

ನಮ್ಮ ಕಡೆ ಕನ್ಯೆಯ ನಡಿಗೆಯನ್ನು ಹೀಗೆ ಅವಳಿಗೆ ತಿಳಿಯದಂತೆ ನೋಡುವುದುಂಟು, ಬಾವಿಯ ಹತ್ತಿರ, ಹೊಲದ ದಾರಿಯಲ್ಲಿ. ನನಗದು ಗೊತ್ತಿತ್ತು. ಆದರೆ ಗುಡ್ಡ ನೋಡಲು ಹೋದವಳಿಗೆ ಅದು ಹೊಳೆಯುವುದು ಹೇಗೆ?

"ಅತ್ತೀ, ನೀನೂ?"

"ಹೆಣ್ಣು ನೋಡಾಕಂತ ಚಾಪಿ ಮ್ಯಾಲ ಕುಂಡ್ರಿಸಿದ್ರ ಮತ್ತ ಇಂಗ್ಲಿಷಿನಾಗ ಟುಸ್ ಪುಸ್ ಅಂತಿದ್ದಿ. ನಿಮ್ಮಪ್ಪ ಹೂಂ ಅಂದಾನ. ಸುಮ್ನ ಬಾ."

ಮೋರಟಗಿಯವಳ ಕಡೆ ತಿರುಗಿದೆ. "ಮೇಲೆ ಹೇಳಿದ್ದು ಕೇಳಿದ್ರಲ್ಲ, ನಾ ಓದಬೇಕ್ರಿ."

"ಕೇಳಿದ್ನೆವ್ವಾ. ಹುಡುಗ್ಯಾರು ಹಂಗ ಅಂತಾರ. ಒಂದು ಕೂಸಾದ್ರ ಎಲ್ಲಾ ಮರೀತಾರ."

ಆಷಾಢ ಹುಟ್ಟುವ ಮುಂಚೆ ಮದುವೆ ಮುಗಿಯಿತು. ಮೂವರು ಮಕ್ಕಳಾದರು. ಮರೆಯಲಿಲ್ಲ. ಆದರೂ ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ, ರಿಯಲಿ. ಅವಳು ತನ್ನ ಮಗನಿಗಾಗಿ ಬಂದಿದ್ದಳು. ನನಗಾಗಿ ಬಂದವಳೆಂದು ನಾನು ನಂಬಿದ್ದು ಸೋದರತ್ತೆಯನ್ನು. ಅಂದು ಗಾಡಿಯಲ್ಲಿ ಅವಳು ಎಂದಿನಂತೆ ನನ್ನ ಮಗ್ಗುಲಿಗೆ ಸರಿದಳು. ನಾನು ಇಳಿದು, ಊರು ಮುಟ್ಟುವವರೆಗೂ ಗಾಡಿಯ ಹಿಂದೆ ನಡೆದೆ. ಆಮೇಲಿನ ವರ್ಷಗಳಲ್ಲಿ ತವರಿಗೆ ಹೋದಾಗ ಹಬ್ಬ, ಅಡುಗೆ, ಮಕ್ಕಳ ಜ್ವರ, ಎಲ್ಲ ಮಾತಾಡಿದೆವು. ಮನಸ್ಸಿನದೊಂದು ಮಾತೂ ಅವಳಿಗೆ ಹೇಳಲಿಲ್ಲ.