ತಂಗಿಯ ಬಾಯಿ ಮುಚ್ಚಿಸಿದ್ದೆ

ನಾನೂ ತಂಗಿಯೂ ಕೆಲಸ ಮಾಡುವ ಗ್ರೀನ್‌ಫರ್ಡ್‌ನ ವೇರ್‌ಹೌಸಿನಲ್ಲಿ ಇಬ್ಬರು ಆಸ್ಟ್ರೇಲಿಯಾದವರು ಊಟಕ್ಕೆ ಕೂತು ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು. ಕ್ವೀನ್ಸ್‌ಲೆಂಡಿನವನದು ಎಳೆದೆಳೆದು ಆಡುವ ಮಾತು. ಅಡಿಲೇಡಿನ ಹುಡುಗಿಯ ಇಂಗ್ಲಿಷ್ ಇಲ್ಲಿನ ಇಂಗ್ಲಿಷರ ಹಾಗೆ. ‘ಮಹಾರಾಣಿ ಬಂದಳು’ ಎಂದು ಅವನು, ‘ನಿನ್ನ ಮಾತು ಮುಗಿಯುವಷ್ಟರಲ್ಲಿ ಊಟ ಆರುತ್ತೆ’ ಎಂದು ಅವಳು. ಇಬ್ಬರೂ ನಕ್ಕರು, ಧಾಟಿ ಮಾತ್ರ ಬದಲಿಸಲಿಲ್ಲ.

ತಂಗಿ ನನ್ನತ್ತ ತಿರುಗಿದಳು. “ಅಕ್ಕಾ, ಇವರಿಗಿಲ್ಲದ ನಾಚಿಕಿ ನಿನಗ್ಯಾಕ? ಬೆಂಗಳೂರಿನವರ ಮುಂದ ನಾ ಬಾಯಿ ತೆಗದ್ರ ಸಾಕು, ಕೈ ಚಿವುಟ್ತಿ.”

ನಿಜ. ಹೆಚ್ಚು ಓದದ ನನಗೆ, ನಮ್ಮ ವಿಜಯಪುರದ ಮಾತು ಕೇಳಿ ಜನ ನಗುತ್ತಾರೆಂಬ ಅಂಜಿಕೆ.

ಆ ಭಾನುವಾರ ಹತ್ತಿರದ ಪಿನ್ನರ್‌ನಲ್ಲಿ ಕನ್ನಡದವರು ಸೇರಿದಾಗ ತಂಗಿ, “ಕುಂದರ್ರಿ, ಬಿಸಿ ರೊಟ್ಟಿ ಅದಾವ” ಎಂದು ಎಲ್ಲರನ್ನೂ ಕರೆದಳು. ಯಾರೋ ಮುಸಿಮುಸಿ ನಕ್ಕರು. “ಅಕಿ ನನ್ನ ತಂಗಿ ರೀ” ಎಂದೆ, ಎಲ್ಲರಿಗೂ ಕೇಳುವ ಹಾಗೆ.