ಡಿಪೋಗೆ ಹೋದ ಡಬ್ಬ

ಮಾಲೂರಿನಿಂದ ಮಾಸ್ತಿಗೆ ಹೊರಟ ಬಸ್ಸಿನಲ್ಲಿ, ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಯಾರದೋ ಊಟದ ಡಬ್ಬ ಇತ್ತು. ಬಟ್ಟೆ ಸುತ್ತಿದ್ದರೂ ದಾಲ್ಚಾ ಸಾರಿನ ವಾಸನೆ ನನ್ನ ಸೀಟಿನ ತನಕ ಬಂತು. ಕಂಪ್ಯೂಟರಿನ ಜಾವಾ ಭಾಷೆ ಕಲಿಸಿದ ನಮ್ಮ ಮೇಡಂ ನೆನಪಾದರು...

ಅವತ್ತು ನಾನು ನೆಮ್ಮದಿಯಿಂದ ಹೊರಟವನಲ್ಲ. ಮಾಸ್ತಿಯ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿಗೆ ತೂಕ ದಾಖಲಿಸುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಕರೆಂಟು ಹೋಗಿ ಬಂದ ಮೇಲೆ ಮೂರು ನಾಲ್ಕು ಮನೆಯ ಹಾಲಿಗೆ ಒಂದೇ ತೂಕ ಬೀಳುತ್ತಿತ್ತು. ಹಾಲು ಹಾಕಿಸಿಕೊಳ್ಳುವ ಅಕ್ಕ ತೂಗದೆಯೇ ಗುಂಡಿ ಒತ್ತುತ್ತಾರೆ ಎಂದು ಊರು ಆಡಿಕೊಂಡಿತು. ‘ನನ್ನ ಪ್ರೋಗ್ರಾಂ ಸರಿಯಾಗಿದೆ’ ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದವನು ನಾನೇ. ಆ ಮಾತು ನಂಬಿ, ಡೈರಿಯವರು ಅಕ್ಕನನ್ನು ಕೆಲಸದಿಂದ ಬಿಡಿಸುವುದೆಂದು ತೀರ್ಮಾನಿಸಿದ್ದರು.

ಮೇಡಂ ಕೋಲಾರದಲ್ಲಿ ನಮಗೆ ಪಾಠ ಮಾಡುತ್ತಿದ್ದರು. ಮುಳಬಾಗಿಲಿನಲ್ಲಿದ್ದ ತಮ್ಮ ತಾಯಿಗೆ ದಿನವೂ ಬಸ್ಸಿನಲ್ಲಿ ಇಂಥದೇ ಡಬ್ಬದಲ್ಲಿ ಊಟ ಕಳಿಸುತ್ತಿದ್ದರು. ಒಂದು ದಿನ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನಲ್ಲಿ ಡಬ್ಬ ಇಟ್ಟು ಬಂದರು. ಆ ಬಸ್ಸು ಕೆಟ್ಟಿತು, ಡಬ್ಬವಿಲ್ಲದೆ ಬದಲಿ ಬಸ್ಸು ಹೊರಟುಹೋಯಿತು. ಅವತ್ತಿನ ಪಾಠ, ಆಮೇಲೆ ಮಾಡಬೇಕಾದ ಕೆಲಸವನ್ನು ಜಾವಾದಲ್ಲಿ ಬರೆದಿಡುವ ಎರಡು ದಾರಿಗಳಾದ ಮೆಥಡ್ ರೆಫರೆನ್ಸ್ ಮತ್ತು ಲ್ಯಾಂಬ್ಡಾ ಬಗ್ಗೆ. ಮೇಡಂ ಡಬ್ಬವನ್ನೇ ಪಾಠ ಮಾಡಿಬಿಟ್ಟರು.

“ಅಮ್ಮೀ ಡಬ್ಬ ಡಿಪೋಗೆ ಹೋಯ್ತು ಕಣ್ರೋ! ಮೆಥಡ್ ರೆಫರೆನ್ಸ್ ಹಿಂಗೇ. ಪ್ರೋಗ್ರಾಂನ ಆ ಲೈನ್ ಓಡ್ದಾಗ ಯಾವ ಬಸ್ ನಿಂತಿರುತ್ತೋ ಅದನ್ನೇ ಹಿಡ್ಕೊಳ್ಳುತ್ತೆ, ಆಮೇಲೆ ಬಸ್ ಬದ್ಲಾದ್ರೂ ಬಿಡಲ್ಲ. ಬಸ್ಸೇ ಇಲ್ಲಾಂದ್ರೆ ಅಲ್ಲೇ ಬೈಯುತ್ತೆ. ಲ್ಯಾಂಬ್ಡಾ ಅಂದ್ರೆ ಡಬ್ಬ ಸ್ಟ್ಯಾಂಡಿನ ಕಂಟ್ರೋಲರ್ ಕೈಗೆ ಕೊಟ್ಟಂಗೆ. ಹೊರಡೋ ಹೊತ್ಗೆ ಯಾವ ಬಸ್ಸಿದ್ಯೋ ನೋಡಿ ಅದಕ್ಕಿಡ್ತಾರೆ.”

ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಕರೆಂಟು ಬಂದಾಗ ಡೈರಿಯ ಕಂಪ್ಯೂಟರಿಗೆ ತಕ್ಕಡಿಯ ಜೊತೆ ಹೊಸ ಸಂಪರ್ಕ ಆಗುತ್ತಿತ್ತು. ನಾನು ಬರೆದಿದ್ದ ಮೆಥಡ್ ರೆಫರೆನ್ಸ್ ಮಾತ್ರ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡು, ಅದರ ಕೊನೆಯ ತೂಕವನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿತ್ತು. ಅದನ್ನು ಲ್ಯಾಂಬ್ಡಾ ಮಾಡಿದೆ. ಬದಲಾಗಿದ್ದು ಒಂದೇ ಸಾಲು.

ಡೈರಿಯ ಕಂಪ್ಯೂಟರಿಗೆ ಅದನ್ನು ಹಾಕಿ, ಎಲ್ಲರೆದುರು ತಕ್ಕಡಿಯ ಪ್ಲಗ್ ಕಿತ್ತು ಮತ್ತೆ ಹಾಕಿ, ಒಂದಾದ ಮೇಲೊಂದು ಕ್ಯಾನ್ ಇಡಿಸಿದೆ. ಪ್ರತಿ ಕ್ಯಾನಿಗೂ ಅದರದೇ ತೂಕ ಬಂತು. “ತಪ್ಪು ನಂದು, ಅಕ್ಕಂದಲ್ಲ” ಎಂದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಸದ್ಯ ಕಣಪ್ಪಾ... ನಾಳೆ ಬೆಳಿಗ್ಗೆ ನಾನೇ ಬಾಗ್ಲು ತೆಗೀತೀನಿ” ಎಂದರು. ಅಬ್ಬಾ, ನನಗೂ ಆಗಲೇ ಸರಿಯಾಗಿ ಉಸಿರು ಬಂದಿದ್ದು.

ವಾಪಸು ಬರುವಾಗ ಇದನ್ನು ಮೇಡಂಗೆ ಹೇಳಬೇಕೆನಿಸಿತು. ಅವರು ತೀರಿಕೊಂಡು ಎರಡು ವರ್ಷವಾಯಿತು... ಅವತ್ತು ಅಷ್ಟು ನಕ್ಕ ನಮ್ಮಲ್ಲಿ ಒಬ್ಬರೂ, ಅವರ ಅಮ್ಮೀ ಮಧ್ಯಾಹ್ನ ಏನು ತಿಂದರೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.