ದೊಡ್ಡಪ್ಪನ ಕಾರಿನ ಬ್ಯಾಟರಿ

ಅರುವತ್ತರ ದಶಕದ ನಡುವಿನ ಮಾತು. ಮುಂಬಯಿಯಲ್ಲಿ ಹೋಟೆಲು ನಡೆಸಿ ಕೈತುಂಬ ದುಡಿದ ದೊಡ್ಡಪ್ಪ ಊರಿಗೆ ಮರಳುವಾಗ ಒಂದು ಹಳೆಯ ಕಾರನ್ನೂ ತಂದಿದ್ದರು. ಹಾಲಾಡಿ ಕಡೆಯ ನಮ್ಮೂರಿನಲ್ಲಿ ಬೇರೆ ಯಾರಿಗೂ ಕಾರಿರಲಿಲ್ಲ. ಅದರ ಗತ್ತು ಕೇಳಬೇಕೆ!

ಬ್ಯಾಟರಿ ಮಾತ್ರ ಕೊನೆಯುಸಿರು ಎಳೆಯುತ್ತಿತ್ತು. ಅದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಸ್ಟಾರ್ಟ್ ಆದ ಇಂಜಿನ್ನನ್ನು ಆರಿಸಬಾರದು, ಸುಮ್ಮನೆ ಹಾರ್ನ್ ಹೊಡೆಯಬಾರದು, ತುಸು ವೇಗದಲ್ಲಿ ಓಡಿಸುತ್ತಲೇ ಇದ್ದರೆ ಬ್ಯಾಟರಿಗೆ ಜೀವ ಬರುತ್ತದೆ ಎಂದು ಚಾವಡಿಯಲ್ಲಿ ಕೂತು ನಮಗೆಲ್ಲ ಪಾಠ ಹೇಳಿದವರೇ ಅವರು.

ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕನಿಗೆ ಒಂದು ಬೆಳಿಗ್ಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ಕುಂದಾಪುರದ ಆಸ್ಪತ್ರೆಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಆಳುಗಳು ದೂಡಿ ಕಾರು ಸ್ಟಾರ್ಟ್ ಮಾಡಿಸಿದರು. ಹಿಂದಿನ ಸೀಟಿನಲ್ಲಿ ಅಕ್ಕ, ಅಮ್ಮ, ನಾನು.

ಗುರುತಿನವರ ಮನೆ ಕಂಡಲ್ಲೆಲ್ಲ ದೊಡ್ಡಪ್ಪ ಹಾರ್ನ್ ಒತ್ತಿದರು. ಅದನ್ನು ಕೇಳಿ ಯಜಮಾನರು ರಸ್ತೆಗೆ ಬಂದರೆ ಕಾರು ನಿಲ್ಲಬೇಕು. ಹಿರಿಯರೆದುರು ಇಂಜಿನ್ ಗುರುಗುಟ್ಟಿಸುತ್ತ ಮಾತಾಡುವುದು ಮರ್ಯಾದೆಯಲ್ಲವೆಂದು ಅದನ್ನು ಆರಿಸಲೂ ಬೇಕು.

“ಹ್ವಾಯ್, ಎಲ್ಲಿಗ್ ಹೊರಟದ್? ಒಂಚೂರ್ ಆಸ್ರಿ ಕುಡ್ಕಂಡ್ ಹೋಯ್ನಿ!”

ದೊಡ್ಡಪ್ಪ ಇಳಿದು ಬೆಲ್ಲ ಕಚ್ಚಿ ನೀರು ಕುಡಿದು ಬಂದರು. ಎರಡನೆಯ ಮನೆಯೆದುರೂ ಅದೇ ಕತೆ. ಕಾರು ಹೇಗೋ ನರಳುತ್ತ ಎದ್ದಿತು.

“ಬಾವಯ್ಯ, ಇನ್ ಎಲ್ಲೂ ನಿಲ್ಸ್‌ಬೇಡಿ. ಹೆಣ್ಣಿಗ್ ತಡ್ಕಂಬುಕ್ ಆತಿಲ್ಲೆ,” ಅಮ್ಮ ಅಂಗಲಾಚಿದಳು.

“ಮಾತಾಡ್ದೆ ಹೋದ್ರೆ ಅವ್ರ್ ಎಂತ ಎಣ್ಸ್ಕಂತ್ರ್?” ಎಂದರು ದೊಡ್ಡಪ್ಪ.

ಮೂರನೆಯ ಮನೆಯೆದುರು ಆರಿಸಿದ ಇಂಜಿನ್ ಮತ್ತೆ ಏಳಲಿಲ್ಲ. ಗದ್ದೆಯಿಂದ ನಾಲ್ಕಾರು ಜನ ಓಡಿಬಂದು ದೂಡಿದರು. ಮುಂದೆ ಸಣ್ಣ ಏರು, ಕಾರು ಕದಲಲಿಲ್ಲ. ದೊಡ್ಡಪ್ಪ ಹಿಂದಕ್ಕೆ ತಿರುಗಿದರು.

“ಒಂಚೂರ್ ಇಳಿ ಮಗಾ, ಕಾರ್ ಹಗೂರ ಆತ್ತ್.”

ಅಕ್ಕ ಇಳಿದಳು. ಅಷ್ಟು ಗಂಡಸರೆದುರು ನರಳಲೂ ನಾಚಿ, ಅಮ್ಮನ ಹೆಗಲು ಹಿಡಿದು, ತುಟಿ ಕಚ್ಚಿಕೊಂಡು ರಸ್ತೆಯಂಚಿನಲ್ಲಿ ನಿಂತಳು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಕಡೆಗೂ ಕಾರು ಸ್ಟಾರ್ಟ್ ಆಯಿತು. ಆಮೇಲೆ ದೊಡ್ಡಪ್ಪ ಎಲ್ಲಿಯೂ ನಿಲ್ಲಿಸಲಿಲ್ಲ.

ಗಂಡುಮಗು. ಉಸಿರಿರಲಿಲ್ಲ. ಇನ್ನೂ ಸ್ವಲ್ಪ ಬೇಗ ತರಬಾರದಿತ್ತೆ ಎಂದರು ಡಾಕ್ಟರು.

ಯಾರು ಕೇಳಿದರೂ ದೊಡ್ಡಪ್ಪನದು ಒಂದೇ ಉತ್ತರ: “ಬ್ಯಾಟ್ರಿ ಕೈ ಕೊಟ್ತ್.” ಅಪ್ಪನೂ ಹೌದೆಂದು ತಲೆಯಾಡಿಸುತ್ತಿದ್ದರು, ಅಣ್ಣನೆದುರು ಬಾಯಿ ಬಿಟ್ಟು ಗೊತ್ತಿದ್ದರೆ ತಾನೆ! ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ದೊಡ್ಡಪ್ಪ ಮರುವಾರವೇ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದರು.